ವೃಷಭಗಿರಿಯ ತ್ರಿಭಾಷಾ ಶಾಸನ: ಒಂದು ಅಧ್ಯಯನ



ನಾರಾಯಣಪೇಟೆ ಸೀಮೆಯ ದಾಮರಗಿದ್ದದಂತಹ ಗಡಿನಾಡಿನ ಊರುಗಳಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ನಮ್ಮ ಸಮಾಜದಲ್ಲಿಯೂ ಕನ್ನಡ, ತೆಲುಗು, ಮರಾಠಿ, ಹಿಂದಿ, ಗುಜರಾತಿ ಮನೆಮಾತಿನವರಿದ್ದಾರೆ. ಮಾತು ಬೇರೆಯಾದರೆ ಧರ್ಮಬಾಂಧವ್ಯ ಸಡಿಲವಾಗುವುದೇ? ಈ ಪ್ರಶ್ನೆಗೆ ತೆಲಂಗಾಣದ ಒಂದು ಬೆಟ್ಟವು ಸಾವಿರ ವರ್ಷಗಳ ಹಿಂದೆಯೇ ಉತ್ತರವಿತ್ತಿದೆ.

ಕರೀಂನಗರ ಜಿಲ್ಲೆಯ ಗಂಗಾಧರ ಮಂಡಲದ ಕುರಿಕ್ಯಾಲದ ಬಳಿಯಿರುವ ಈ ಬೆಟ್ಟಕ್ಕೆ ಬೊಮ್ಮಲಗುಟ್ಟ ಎಂದು ಹೆಸರು. ಶಾಸನೋಕ್ತ ನಾಮ ವೃಷಭಗಿರಿ. ವೇಮುಲವಾಡದ ಚಾಲುಕ್ಯ ಇಮ್ಮಡಿ ಅರಿಕೇಸರಿಯ ಆಸ್ಥಾನಕವಿ, 941ರಲ್ಲಿ ಆದಿಪುರಾಣವನ್ನು ರಚಿಸಿದ ಮಹಾಕವಿ ಪಂಪನ ತಮ್ಮನಾದ ಜಿನವಲ್ಲಭನು, ಸುಮಾರು 945ರಲ್ಲಿ ಇಲ್ಲಿನ ಬಂಡೆಯ ಮೇಲೆ ಚಕ್ರೇಶ್ವರಿಯನ್ನೂ ಜಿನಬಿಂಬಗಳನ್ನೂ ಕೊರೆಯಿಸಿ, ಕೆಳಗೆ ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿ ಶಾಸನವನ್ನು ಬರೆಯಿಸಿದನು.

ಶಾಸನದ ಪ್ರಕಾರ ತಂದೆ ಭೀಮಪ್ಪಯ್ಯನ ಮನೆತನ ವೆಂಗಿನಾಡಿನದು. ತಾಯಿ ಅಬ್ಬಣಬ್ಬೆಯ ತವರು ಇಂದಿನ ಧಾರವಾಡ ಜಿಲ್ಲೆಯ ಅಣ್ಣಿಗೇರಿ. ಎರಡು ನುಡಿಗಳ ನಾಡುಗಳನ್ನು ಬೆಸೆದ ಮನೆಯಲ್ಲಿ ಹುಟ್ಟಿದವನಿಗೆ ಎರಡೂ ನುಡಿಗಳು ತನ್ನವೇ ಆಗಿದ್ದವು. ಕನ್ನಡ ಕಾವ್ಯಕ್ಕೆ ಅಣ್ಣನು ಮೇರುವಾದರೆ, ತಮ್ಮನ ಶಾಸನದ ತೆಲುಗು ಕಂದಪದ್ಯಗಳು ನನ್ನಯನ ಮಹಾಭಾರತಕ್ಕಿಂತ ಸುಮಾರು ಒಂದು ಶತಮಾನ ಹಿಂದಿನವು. ಆದುದರಿಂದಲೇ ತೆಲುಗಿನ ಪ್ರಾಚೀನತೆಯನ್ನು ಹೇಳುವವರು ಈ ಶಾಸನವನ್ನು ತಪ್ಪದೆ ಸ್ಮರಿಸುತ್ತಾರೆ. ಕನ್ನಡ, ತೆಲುಗು ಎರಡಕ್ಕೂ ಶಾಸ್ತ್ರೀಯ ಸ್ಥಾನ ದೊರೆತದ್ದು 2008ರಲ್ಲಿ, ಒಟ್ಟಿಗೇ.

ಜಿನವಲ್ಲಭನು ಮಾಡಿಸಿದ್ದು ಬಿಂಬಗಳನ್ನು ಮಾತ್ರವಲ್ಲ. ತ್ರಿಭುವನತಿಲಕವೆಂಬ ಬಸದಿ, ಅಣ್ಣನ ಬಿರುದನ್ನೇ ಹೊತ್ತ ಕವಿತಾಗುಣಾರ್ಣವವೆಂಬ ಕೆರೆ, ಮದನವಿಲಾಸವೆಂಬ ತೋಟ ಇವೆಲ್ಲವೂ ಅವನ ಧರ್ಮಕಾರ್ಯಗಳು. ಬಸದಿಯೊಡನೆ ನೀರೂ ನೆರಳೂ ಇರಬೇಕೆಂಬುದು ಆ ಶ್ರಾವಕನ ದೃಷ್ಟಿ. ಬೊಮ್ಮಲಗುಟ್ಟವೆಂದರೆ ಬೊಂಬೆಗಳ ಗುಡ್ಡ. ಬಸದಿಯ ವೈಭವ ಮರೆಯಾದ ಮೇಲೂ ಗ್ರಾಮಸ್ಥರು ಆ ಬಿಂಬಗಳ ನೆನಪನ್ನು ತಮ್ಮ ಮಾತಿನ ಹೆಸರಿನಲ್ಲಿ ಉಳಿಸಿಕೊಂಡು ಬಂದರು. ಅವರಿಗೆ ನಾವು ಋಣಿಗಳು.

ಕರೀಂನಗರ ಸೀಮೆಯು ಗ್ರಾನೈಟ್ ಶಿಲೆಗೆ ಪ್ರಸಿದ್ಧ. ಕಲ್ಲುಗಣಿಗಾರಿಕೆಯಿಂದ ಈ ಬೆಟ್ಟಕ್ಕೂ ಅಪಾಯ ಒದಗಿದಾಗ ಇತಿಹಾಸಪ್ರಿಯರೂ ಸ್ಥಳೀಯರೂ ದನಿಯೆತ್ತಿದರು. ತಾಮ್ರಪಟವನ್ನು ವಸ್ತುಸಂಗ್ರಹಾಲಯದಲ್ಲಿ ಇಡಬಹುದು. ಬಂಡೆಗಲ್ಲಿನ ಶಾಸನವನ್ನು ಬೆಟ್ಟವೇ ಕಾಯಬೇಕು. ಬೆಟ್ಟ ಅಳಿದರೆ ಅಕ್ಷರವೂ ಅಳಿಯಿತು.

ಆದುದರಿಂದ ಇಂತಹ ಕ್ಷೇತ್ರಗಳಿಗೆ ಹೋದಾಗ ಬಿಂಬಕ್ಕಾಗಲಿ ಅಕ್ಷರಕ್ಕಾಗಲಿ ಎಣ್ಣೆ, ಅರಿಶಿನ, ಬಣ್ಣ ಹಚ್ಚಬಾರದು. ಬಂಡೆಯ ಮೇಲೆ ಹೆಸರು ಕೆತ್ತಬಾರದು. ಮಕ್ಕಳನ್ನು ಕರೆದೊಯ್ದು ಕನ್ನಡದ ಸಾಲುಗಳನ್ನು ಕನ್ನಡ ಬಲ್ಲವರೂ ತೆಲುಗಿನ ಪದ್ಯಗಳನ್ನು ತೆಲುಗು ಬಲ್ಲವರೂ ಪರಸ್ಪರರಿಗೆ ವಿವರಿಸಿ ಹೇಳಬೇಕು. ಒಂದೇ ಬಂಡೆಯಲ್ಲಿ ಮೂರು ನುಡಿಗಳಿಗೆ ಎಡೆಯಿತ್ತ ಜಿನವಲ್ಲಭನಿಗೆ ನಾವು ಸಲ್ಲಿಸಬಹುದಾದ ಗೌರವವಿದು, ಸ್ವಾಧ್ಯಾಯವೂ ಇದೇ.

ಜೈ ಜಿನೇಂದ್ರ.