ಬಾಳಿಕೆಯ ಬದುಕಿಗೆ ವಿದ್ಯೆ ಮತ್ತು ವಿನ್ಯಾಸ

ಪ್ರಕೃತಿಯ ಸಂಪತ್ತು ಮುಂದಿನ ತಲೆಮಾರಿಗೂ ಉಳಿಯುವಂತೆ ಮಿತವಾಗಿ ಬಳಸಿ ಬಾಳಬೇಕೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಅದು ಉಪದೇಶಮಾತ್ರದಿಂದ ಸಿದ್ಧಿಸುವುದಿಲ್ಲ. ನಿತ್ಯಬಳಕೆಯ ಸಾಧನಗಳ ರಚನೆಯೇ ಮಿತವ್ಯಯಕ್ಕೆ ಅನುಕೂಲವಾಗಿರಬೇಕು. ಅವುಗಳನ್ನು ನಿರ್ಮಿಸುವ, ಬಳಸುವ ಹಾಗೂ ಸುಸ್ಥಿತಿಯಲ್ಲಿಡುವ ವಿದ್ಯೆಯು ಜನರ ಕೈಸೇರಬೇಕು. ಇದಕ್ಕೆ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ನಡೆದ ಪ್ರಯೋಗಗಳು ಉತ್ತಮ ನಿದರ್ಶನಗಳಾಗಿವೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ರಸಾಯನಶಾಸ್ತ್ರಜ್ಞ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ, ಗ್ರಾಮಗಳಿಗೆ ವಿಜ್ಞಾನವನ್ನು ಅನ್ವಯಿಸುವ ‘ಅಸ್ತ್ರ’ ಎಂಬ ಘಟಕವು ಪ್ರಾರಂಭವಾಯಿತು. ಉಂಗ್ರ ಗ್ರಾಮದಲ್ಲಿ ಅದರ ವಿಸ್ತರಣ ಕೇಂದ್ರವು ತಲೆಯೆತ್ತಿತು. ಅಲ್ಲಿನ ವಿಜ್ಞಾನಿಗಳು ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ವ್ಯಯವಾಗುತ್ತಿದೆಯೆಂಬುದನ್ನು ಅಳೆದರು. ಪುರ ಎಂಬ ಹಳ್ಳಿಯಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಸೌದೆಯಿಂದಲೇ ಬರುತ್ತಿತ್ತು. ಸೌದೆ ಆಯುವುದು, ನೀರು ಹೊರುವುದು, ದನ ಕಾಯುವುದು ಹೆಂಗಸರ ಮತ್ತು ಮಕ್ಕಳ ಹೊತ್ತನ್ನು ನುಂಗುತ್ತಿದ್ದವು. ಮನೆಯ ಒಲೆಗೂ ಶಾಲೆಯ ಹಾಜರಿಗೂ ಇರುವ ಸಂಬಂಧವು ಇದರಿಂದ ಸ್ಪಷ್ಟವಾಗುತ್ತದೆ.

ತೆರೆದ ಒಲೆಯಲ್ಲಿ ಶಾಖದ ಬಹುಭಾಗವು ಪಾತ್ರೆಯನ್ನು ಮುಟ್ಟದೆ ಪೋಲಾಗುತ್ತದೆ. ‘ಅಸ್ತ್ರ ಒಲೆ’ಯಲ್ಲಿ ಸೌದೆಯು ಜಾಲರಿಯ ಮೇಲೆ ಉರಿಯುತ್ತದೆ, ಕೆಳಗಿನಿಂದ ಗಾಳಿ ದೊರೆಯುವುದರಿಂದ ದಹನ ಚೆನ್ನಾಗಿ ಆಗುತ್ತದೆ. ಬಿಸಿ ಅನಿಲವು ಮೊದಲ ಪಾತ್ರೆಯನ್ನು ಕಾಯಿಸಿ, ಉಳಿದೆರಡರ ಅಡಿಯಲ್ಲಿ ಹಾದು, ಹೊಗೆಕೊಳವೆಯ ಮೂಲಕ ಹೊರಹೋಗುತ್ತದೆ. ಸೌದೆ ಉಳಿಯುತ್ತದೆ, ಅಡುಗೆಮನೆ ಹೊಗೆಯಿಂದ ಮುಕ್ತವಾಗುತ್ತದೆ. ಆದರೆ ಒಳಗಿನ ಅಳತೆ ತಪ್ಪಿದರೆ, ಅಥವಾ ಕೊಳವೆಯಲ್ಲಿ ಮಸಿ ಕಟ್ಟಿದರೆ, ಪ್ರಯೋಜನವೆಲ್ಲ ನಷ್ಟವಾಗುತ್ತದೆ. ಆದುದರಿಂದ ಒಲೆ ಕಟ್ಟುವವರಿಗೂ ಗೃಹಿಣಿಯರಿಗೂ ತಿಳಿವಳಿಕೆ ನೀಡುವುದು ವಿನ್ಯಾಸದಷ್ಟೇ ಮುಖ್ಯವಾದುದು.

ವಿನ್ಯಾಸಕಾರನೂ ಕಲಿಯಬೇಕಾದವನೇ. ಪುರದಲ್ಲಿ ಸಮುದಾಯ ಗೋಬರ್ ಅನಿಲ ಸ್ಥಾವರವನ್ನು ಮೊದಲು ಅಡುಗೆಗೆಂದು ಯೋಜಿಸಲಾಯಿತು. ದೊರೆತ ಸಗಣಿ ಎಲ್ಲ ಮನೆಗಳ ಒಲೆಗೆ ಸಾಲಲಿಲ್ಲ. ಅನಂತರ 1987ರಲ್ಲಿ ಅದೇ ಅನಿಲದಿಂದ, ಸ್ವಲ್ಪ ಡೀಸೆಲ್ ಬೆರಸಿ, ಎಂಜಿನ್ ನಡೆಸಿ ವಿದ್ಯುತ್ತನ್ನು ಪಡೆಯಲಾಯಿತು. ಕೊಳವೆಬಾವಿಯ ನೀರು ನಲ್ಲಿಗಳಿಗೆ ಬಂದಿತು. ಮನೆಗಳಲ್ಲಿ ದೀಪ ಬೆಳಗಿತು. ಸಗಣಿಯ ಬಗ್ಗಡವು ಗೊಬ್ಬರವಾಗಿ ಸಗಣಿ ಕೊಟ್ಟವರಿಗೇ ಮರಳಿತು. ಜನರ ಅಗತ್ಯವನ್ನರಿತು ಯೋಜನೆಯನ್ನು ತಿದ್ದಿಕೊಂಡುದರ ಫಲವಿದು.

ಶಾಲೆಗಳು ಇದನ್ನು ಪಾಠವಾಗಿಸುವುದು ಕಷ್ಟವಲ್ಲ. ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ದಿನಕ್ಕೆ ಸುಡುವ ಇಂಧನವನ್ನು ಮಕ್ಕಳಿಂದಲೇ ತೂಗಿಸಿ ಲೆಕ್ಕವಿಡಿಸಬಹುದು. ಒಲೆಯನ್ನು ಸುಧಾರಿಸಿದ ಮೇಲೆ ಮತ್ತೆ ತೂಗಿಸಬಹುದು. ಕಟ್ಟಡ ಕಟ್ಟಿಸುವ ದಾನಿಗಳು, ಮಣ್ಣು ಒಗ್ಗುವಲ್ಲಿ, ತುಸು ಸಿಮೆಂಟು ಬೆರಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆಗಳನ್ನು ಬಳಸಿದರೆ ಗೂಡಿಗೆ ಬೇಕಾಗುವ ಸೌದೆಯು ಉಳಿಯುತ್ತದೆ. ಆ ಗೋಡೆಯೇ ಮಕ್ಕಳಿಗೆ ಪಾಠವಾಗುತ್ತದೆ. ಅಳೆದು ಅರಿತ ಮಗುವು ಮಿತವ್ಯಯವನ್ನು ಮನೆಗೂ ಕೊಂಡೊಯ್ಯುವುದರಲ್ಲಿ ಸಂದೇಹವಿಲ್ಲ.