ಬೇಳೆ ಬರದಿದ್ದರೆ ದುಡ್ಡು ಎಲ್ಲಿಗೆ?

ದಿನಸಿಯನ್ನು ಆನ್‌ಲೈನಿನಲ್ಲಿ ತರಿಸುವವರು ಅಂಗಡಿಯನ್ನು ಅಳೆಯಬೇಕಾದದ್ದು ಸಾಮಾನು ಇಲ್ಲದಾಗ. ಎಲ್ಲ ಇದ್ದಾಗ ಎಲ್ಲ ಆ್ಯಪೂ ಚೆನ್ನಾಗೇ ಇರುತ್ತದೆ.

ಬೆಂಗಳೂರಿನ ಉಲ್ಲಾಳದ ನಮ್ಮ ಮನೆಗೆ ಸಾಮಾನು ಕಳಿಸುವ ದೊಡ್ಡ ಅಂಗಡಿಯೊಂದು ಈಚೆಗೆ ಆರ್ಡರ್ ವ್ಯವಸ್ಥೆಯನ್ನು ಸುಧಾರಿಸಿದೆ. ಮೊದಲು ಅದರ ಮ್ಯಾಪಿನಲ್ಲಿ ಉಲ್ಲಾಳ ಎಂದು ಒತ್ತಿದರೆ ನೇರ ಮಂಗಳೂರಿನ ಪಕ್ಕದ ಕಡಲತೀರಕ್ಕೆ ಹೋಗಿ ನಿಲ್ಲುತ್ತಿತ್ತು. ರಾಣಿ ಅಬ್ಬಕ್ಕನ ಊರಿಗೆ ಸದ್ಯ ಡೆಲಿವರಿ ಇಲ್ಲ ಎಂದು ಕ್ಷಮೆ ಬೇರೆ! ಅದು ಸರಿಹೋಯಿತು. ಜೇಬಿಗೆ ಸಂಬಂಧಪಟ್ಟದ್ದು ಬೇರೆ.

ಒಂದು ಕೆಜಿ ತೊಗರಿಬೇಳೆ ಮುಗಿದಿದ್ದರೆ ಹೇಳದೆ ಕೇಳದೆ ಅರ್ಧ ಕೆಜಿಯ ಎರಡು ದುಬಾರಿ ಪ್ಯಾಕೆಟ್ ಬಂದುಬಿಡುತ್ತಿತ್ತು. ಬೇಡವೆಂದು ವಾಪಸ್ ಕೊಟ್ಟರೆ ದುಡ್ಡು ಬ್ಯಾಂಕಿಗೆ ಬರುತ್ತಿರಲಿಲ್ಲ, ಆ್ಯಪಿನ ವ್ಯಾಲೆಟ್‌ಗೆ ಹೋಗುತ್ತಿತ್ತು. ಅಲ್ಲಿ ಬಿದ್ದ ದುಡ್ಡನ್ನು ಬಿಡಿಸಿಕೊಳ್ಳಲು ಅಲ್ಲೇ ಮತ್ತೆ ಕೊಳ್ಳಬೇಕು, ಕನಿಷ್ಠ ಮೊತ್ತ ಮುಟ್ಟಿಸಲು ಬಿಸ್ಕತ್ತು, ಶಾವಿಗೆ ಸೇರಿಸಬೇಕು. ಶೆಟ್ಟರ ಅಂಗಡಿಯಲ್ಲಿ ಸಾಲ ಬರೆಸುತ್ತಿದ್ದವರು ನಾವು. ಇಲ್ಲಿ ಬಡ್ಡಿಯಿಲ್ಲದೆ ಸಾಲ ಕೊಡುತ್ತಿದ್ದವರೂ ನಾವೇ.

ಈಗ ಆರ್ಡರ್ ಹಾಕುವಾಗಲೇ, ಈ ಸಾಮಾನು ಸಿಗದಿದ್ದರೆ ಬದಲಿ ಕಳಿಸಬೇಕೋ ಬೇಡವೋ ಎಂದು ಒಂದೊಂದಕ್ಕೂ ಕೇಳುತ್ತದೆ. ಕಳೆದ ತಿಂಗಳು ಡೆಲಿವರಿ ಹುಡುಗ ಚೀಲ ಇಳಿಸಿ, "ಸರ, ತೊಗರಿ ಬ್ಯಾಳಿ ಬಂದಿಲ್ಲರಿ. ರೊಕ್ಕ ವಾಪಸ್ ಬಂದೈತಿ ನೋಡ್ರಿ" ಎಂದ. ಅವನು ಮೆಟ್ಟಿಲಿಳಿಯುವ ಮೊದಲೇ ಬ್ಯಾಂಕಿನ ಮೆಸೇಜ್ ಬಂತು. ಯುಪಿಐಯಲ್ಲಿ ಹೋದದ್ದು ಅದೇ ಖಾತೆಗೆ ಮರಳಿತ್ತು. ಹತ್ತು ನಿಮಿಷದ ಡೆಲಿವರಿಗಿಂತ ಇದು ನನಗೆ ದೊಡ್ಡ ಸುಧಾರಣೆ.

ನಮ್ಮ ಬೆಂಗಳೂರಿಗೆ ಈ ವ್ಯಾಪಾರ ಹೊಸದಲ್ಲ. ಫ್ಯಾಬ್‌ಮಾಲ್ ಎಂಬ ಆನ್‌ಲೈನ್ ಅಂಗಡಿ ಇಲ್ಲಿ ಶುರುವಾದದ್ದು 1999ರಲ್ಲಿ. ಅದನ್ನು ಕಟ್ಟಿದವರಲ್ಲೇ ಹಲವರು 2011ರಲ್ಲಿ ಬಿಗ್‌ಬ್ಯಾಸ್ಕೆಟ್ ಆರಂಭಿಸಿದರು. ಆಗ ಜನಕ್ಕಿದ್ದ ಭಯ ಕಾರ್ಡ್ ನಂಬರ್ ಕೊಡುವುದು ಹೇಗೆ ಎಂದು. ಈಗ ಕೊಟ್ಟ ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ ಎಂದು. ಇದಕ್ಕೆ ರಿಸರ್ವ್ ಬ್ಯಾಂಕಿನ 2019ರ ನಿಯಮವೊಂದಿದೆ: ಯುಪಿಐಯಲ್ಲಿ ಹಣ ಕಡಿತವಾಗಿ ಅಂಗಡಿಗೆ ಖಾತ್ರಿ ತಲುಪದಿದ್ದರೆ ಐದು ದಿನದೊಳಗೆ ತಾನಾಗಿ ಮರಳಬೇಕು, ತಪ್ಪಿದರೆ ದಿನಕ್ಕೆ ₹100 ಪರಿಹಾರ. ನಾವು ಕೇಳದ ವಸ್ತುವನ್ನೋ ದೇಣಿಗೆಯನ್ನೋ ಬಿಲ್ಲಿಗೆ ಗುಟ್ಟಾಗಿ ಸೇರಿಸುವುದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ನಿಷೇಧಿಸಿದ 13 ತಂತ್ರಗಳಲ್ಲಿ ಒಂದು. ದೂರಿಗೆ 1915ಕ್ಕೆ ಫೋನ್ ಮಾಡಬಹುದು.

ಸುಧಾರಿಸಿದ ಆ್ಯಪಿನಲ್ಲೂ ಒಂದು ಗಾಳ ಉಳಿದಿದೆ. ಹಣ ಕಟ್ಟುವ ಮುನ್ನ "ಇನ್ನು ₹74ರ ಸಾಮಾನು ಸೇರಿಸಿ, ಡೆಲಿವರಿ ಉಚಿತ" ಎಂಬ ಹಸಿರು ಪಟ್ಟಿ. ಡೆಲಿವರಿಗೆ ₹30. ಮೂವತ್ತು ಉಳಿಸಲು ಎಪ್ಪತ್ನಾಲ್ಕು ಖರ್ಚು ಮಾಡುವ ಲೆಕ್ಕ ನನಗೆ ಹತ್ತುವುದಿಲ್ಲ. ಸುಮ್ಮನೆ ಮೂವತ್ತು ಕೊಟ್ಟುಬಿಡುತ್ತೇನೆ. ಮನೆಯವಳು ಒಪ್ಪುವುದಿಲ್ಲ. ಅಷ್ಟಕ್ಕೆ ಹುಣಸೆಹಣ್ಣು ಹಾಕಿದರೆ ಮುಂದಿನ ತಿಂಗಳಿಗಾಯಿತು ಅನ್ನುತ್ತಾಳೆ. ಹುಣಸೆಹಣ್ಣಾದರೆ ಸರಿ, ಹೇಗೂ ಬೇಕು, ಕೆಡುವುದೂ ಇಲ್ಲ. ಆದರೆ ಆ ಪಟ್ಟಿಯ ಕೆಳಗೆ ಅಂಗಡಿಯವರು ಸಾಲಾಗಿ ಜೋಡಿಸಿಟ್ಟಿರುವುದು ಚಿಪ್ಸು, ಚಾಕೊಲೇಟು.