ಉಸ್ತಾದ್ ಇಲ್ಲದೆ ಟ್ರ್ಯಾಕಿಗೆ ಇಳಿದೆ

ಹೋದ ಸಲ ಔರಾದಿನ ಅಮರೇಶ್ವರ ಜಾತ್ರೆಗೆಂದು ಊರಿಗೆ ಹೋಗಿದ್ದೆ. ಸಂತಪುರದ ಬಸ್ ಸ್ಟ್ಯಾಂಡ್ ಹತ್ತಿರ ಚಹಾ ಕುಡಿಯುತ್ತಿದ್ದಾಗ ನಮ್ಮ ಓಣಿಯ ಮೂವರು ಹುಡುಗರು ಬಂದು ಸುತ್ತ ನಿಂತರು. ನನ್ನ ರೇಸ್ ಟ್ರ್ಯಾಕಿನ ವಿಡಿಯೋ ಅವರ ಮೊಬೈಲಿಗೂ ಹೋಗಿತ್ತು. “ಅಣ್ಣಾ, ಟ್ರ್ಯಾಕ್ ಮ್ಯಾಲ ಗಾಡಿ ಹೊಡಿಬೇಕಂದ್ರ ಯಾವ ಟೈರ್ ಹಾಕ್ಬೇಕು? ಸೈಲೆನ್ಸರ್ ಬದಲಿ ಮಾಡ್ಬೇಕೇನು?” ಅರ್ಧ ಗಂಟೆ ಮಾತಾಡಿದರು. ಯಾರ ಹತ್ತಿರ ಕಲಿಯಬೇಕು ಎಂದು ಒಬ್ಬನೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ. ಅದರ ಬೆಲೆ ಎಷ್ಟಾಯಿತು ಎಂದು ಅವತ್ತು ಚಹಾ ಅಂಗಡಿಯಲ್ಲಿ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬೀದರದಲ್ಲಿ ಗ್ಯಾರೇಜಿನ ಹಿರಿಯನಿಗೆ ಉಸ್ತಾದ್ ಅಂತೀವಿ. ಬಿದರಿ ಹೂಜಿಯಲ್ಲಿ ಬೆಳ್ಳಿ ತಂತಿ ಕೂರಿಸುವವನು ಉಸ್ತಾದನ ಎದುರು ವರ್ಷಗಟ್ಟಲೆ ಕೂತಿರುತ್ತಾನೆ. ತಾಲೀಮಿಗೆ ಇಳಿಯುವ ಪೈಲ್ವಾನನಿಗೂ ಉಸ್ತಾದ್ ಬೇಕು. ಇಷ್ಟೆಲ್ಲ ಕಂಡು ಬೆಳೆದ ನಾನು ಸ್ಟೇರಿಂಗಿಗೆ ಮಾತ್ರ ಉಸ್ತಾದ್ ಬೇಡ ಅಂದುಕೊಂಡೆ. ಯಾಕೆಂದರೆ ನನಗೆ ಕಾಕಾ ಕಲಿಸಿದ್ದರು.

ಕಾಕಾ ಔರಾದ–ಬೀದರ ನಡುವೆ ಹದಿನೆಂಟು ವರ್ಷ ಕ್ರೂಸರ್ ಓಡಿಸಿದವರು. ಒಂದು ಸಣ್ಣ ಅಪಘಾತವೂ ಆಗಿಲ್ಲ. ಮೊದಲು ಹೊಲದಲ್ಲಿ ಟ್ರ್ಯಾಕ್ಟರ್, ಆಮೇಲೆ ಕೌಠಾ ಸೇತುವೆಯ ತನಕ ಕ್ರೂಸರ್. ಹದಿನಾರನೇ ವಯಸ್ಸಿಗೆ ನನ್ನ ಕೈ ಪಳಗಿಸಿಬಿಟ್ಟಿದ್ದರು. ಅವರ ಒಂದೇ ಮಂತ್ರ: “ಜರಾ ಹೆದರಿಕಿ ಬಂತಂದ್ರ ಎಕ್ಸಿಲೇಟರ್ ಬಿಡು. ಗಾಡಿ ತಾನೇ ಸಂಬಾಳಸ್ತದ.” ಆ ಮಾತು ನನ್ನ ತಲೆಗೆ ಹೋಗದೆ ನೇರ ಬಲಗಾಲಿಗೆ ಇಳಿದಿತ್ತು. “ಇಂವಗ ಯಾರೂ ಕಲಿಸೋದು ಬ್ಯಾಡ, ಸ್ಟೇರಿಂಗ್ ರಕ್ತದಾಗ ಅದ” ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ನಾನು ನಂಬಿದೆ.

ಬೆಂಗಳೂರಿನಲ್ಲಿ ನೌಕರಿ ಸಿಕ್ಕಿ, ಹಳೆಯ ಪೋಲೋ ಕಾರು ಕೊಂಡು, ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕಿನ ಮೇಲೆ ಓಡಿಸುವ ‘ಟ್ರ್ಯಾಕ್ ಡೇ’ಯ ಹುಚ್ಚು ಹತ್ತಿದಾಗ ಮೊದಲ ವರ್ಷ ದುಡಿದದ್ದೆಲ್ಲ ಗಾಡಿಗೇ ಸುರಿದೆ. ನಾಲ್ಕು ಹೊಸ ಟೈರು, ಬ್ರೇಕ್ ಪ್ಯಾಡು, ಸ್ಪ್ರಿಂಗು, ಸೈಲೆನ್ಸರ್. ಟ್ರ್ಯಾಕ್ ಡೇ ಅರ್ಜಿಯಲ್ಲಿ ‘ಕೋಚ್ ಬೇಕೆ?’ ಎಂಬ ಸಾಲಿತ್ತು. ಅದರ ಶುಲ್ಕ ನನ್ನ ನಾಲ್ಕು ಟೈರಿನ ಬೆಲೆಗಿಂತ ಕಡಿಮೆ. ಬೇಡ ಎಂದು ಗುರುತು ಹಾಕಿದೆ.

ಟ್ರ್ಯಾಕ್ ಅಂದರೆ ಚೆನ್ನೈ ಹೊರಗೆ ಇರುಂಗಾಟ್ಟುಕೋಟೈಯ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಬೆಂಗಳೂರು–ಚೆನ್ನೈ ಹೆದ್ದಾರಿಯ ಪಕ್ಕದಲ್ಲೇ ಇದೆ. ಹಿಂದೆ ಆ ಕಡೆಯ ರೇಸುಗಳು ಶೋಲಾವರಂನ ಹಳೆಯ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದವು. 1990ರಲ್ಲಿ ಈ ಸರ್ಕ್ಯೂಟ್ ಶುರುವಾಯಿತು. ಒಂದು ಸುತ್ತು 3.717 ಕಿಲೋಮೀಟರ್, ಹನ್ನೆರಡು ತಿರುವು. ಮುಖ್ಯ ನೇರದಾರಿ ಮುಗಿಯುತ್ತಲೇ ಬರುವ ಮೊದಲ ಬಲತಿರುವಿಗೆ ಎಲ್ಲರೂ ಸಿ-1 ಅನ್ನುತ್ತಾರೆ. ಬಹಳ ವೇಗದ ತಿರುವು. ನನ್ನ ಕಥೆ ಅಲ್ಲಿಯದು.

ಅವತ್ತು ಟ್ರ್ಯಾಕ್ ಬಾಡಿಗೆ ಹಿಡಿದು ಕಾರ್ಯಕ್ರಮ ನಡೆಸಿದ ಸಂಘಟಕರು ಬೆಳಿಗ್ಗೆ ಹತ್ತು ನಿಮಿಷ ಮಾತಾಡಿದರು. ಹಳದಿ ಬಾವುಟ ಕಂಡರೆ ನಿಧಾನ, ಕೆಂಪು ಕಂಡರೆ ಒಳಗೆ ಬನ್ನಿ ಎಂದು ಹೇಳಿ, ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಮೊದಲ ಸಲ ಬಂದವರು ಯಾರು ಅಂತಲೂ ಕೇಳಲಿಲ್ಲ. ಸಹಿ ಹಾಕಿದವನು ನಾನೇ, ತಪ್ಪು ನನ್ನದೇ. ಆದರೂ ಹೊಸಬನ ಪಕ್ಕ ಅರ್ಧ ಗಂಟೆಯಾದರೂ ತಿಳಿದವನೊಬ್ಬನನ್ನು ಕೂರಿಸದೆ ಬಿಟ್ಟ ಆ ಸಂಘಟಕರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಬೆಳಗಿನ ಎರಡು ಸೆಷನ್ನಿನಲ್ಲಿ ನನ್ನ ಅತ್ಯುತ್ತಮ ಲ್ಯಾಪ್ 2 ನಿಮಿಷ 24 ಸೆಕೆಂಡ್. ನನ್ನದೇ ಮಾದರಿಯ ಇನ್ನೊಂದು ಪೋಲೋ ಇತ್ತು. ಓಡಿಸುವವರು ನನಗಿಂತ ಹತ್ತು ವರ್ಷವಾದರೂ ಹಿರಿಯರು. ಅವರು 2 ನಿಮಿಷ 15ಕ್ಕೆ ಸುತ್ತುತ್ತಿದ್ದರು. ಅವರ ಗಾಡಿಗೆ ಕಂಪನಿಯಿಂದ ಬಂದ ಟೈರೇ ಇತ್ತು. ಅದು ನನ್ನನ್ನು ಚುಚ್ಚುತ್ತಿತ್ತು. ಊಟಕ್ಕೂ ಕೂರಲಿಲ್ಲ.

ಮೂರನೇ ಸೆಷನ್ನಿನ ನಾಲ್ಕನೇ ಸುತ್ತು. ನೇರದಾರಿಯ ಕೊನೆಯಲ್ಲಿ ಮುಂಚೆ ಬ್ರೇಕ್ ಒತ್ತುತ್ತಿದ್ದ ಜಾಗ ದಾಟಿಬಿಟ್ಟೆ. ಬೇಕೆಂದೇ ದಾಟಿದೆ. ಆಮೇಲೆ ಒತ್ತಿದೆ, ಸ್ಟೇರಿಂಗ್ ಬಲಕ್ಕೆ ಎಳೆದೆ. ಗಾಡಿ ತಿರುಗಿತು. ಒಂದು ಕ್ಷಣ ‘ಆಯ್ತು’ ಅಂದುಕೊಂಡೆ. ಅಷ್ಟರಲ್ಲಿ ಟ್ರ್ಯಾಕಿನ ಎಡ ಅಂಚಿನ ಕೆಂಪು-ಬಿಳಿ ಪಟ್ಟಿ ನನ್ನ ಕಡೆಗೆ ಜಾರಿ ಬರುತ್ತಿರುವುದು ಕಂಡಿತು. ನಾನು ಆ ಪಟ್ಟಿಯನ್ನೇ ನೋಡಿದೆ. ಎದೆಯಲ್ಲಿ ಏನೋ ಹಿಡಿದಂತಾಯಿತು. ಬಲಗಾಲು ತಾನೇ ಮೇಲೆದ್ದಿತು. ಕಾಕಾ ಕಲಿಸಿದ ಹಾಗೆ, ಹೆದರಿಕೆ ಬಂತು, ಎಕ್ಸಿಲೇಟರ್ ಬಿಟ್ಟೆ.

ಗಾಡಿ ಸಂಬಾಳಿಸಲಿಲ್ಲ. ಬೆನ್ನ ಹಿಂದಿನಿಂದ ಯಾರೋ ಸೀಟನ್ನು ಎತ್ತಿ ಪಕ್ಕಕ್ಕೆ ಎಸೆದ ಹಾಗಾಯಿತು. ಗಾಜಿನಲ್ಲಿ ಟ್ರ್ಯಾಕ್ ಹೋಗಿ ಒಳಗಿನ ಹುಲ್ಲು ಬಂತು. ಹುಲ್ಲು ಹೋಗಿ ನಾನು ಆಗಷ್ಟೇ ಬಂದ ದಾರಿ ಬಂತು. ಆ ದಾರಿಯ ಮೇಲೆ ಹೆಡ್‌ಲೈಟ್ ಹಚ್ಚಿಕೊಂಡ ಎರಡು ಗಾಡಿಗಳು ನೇರ ನನ್ನ ಮುಖಕ್ಕೇ ಬರುತ್ತಿದ್ದವು. ನಾನು ಹಿಂದುಮುಂದಾಗಿ ಹೋಗುತ್ತಿದ್ದೆ. ಟೈರಿನ ಕೂಗು ನಿಂತು ಕಲ್ಲು ತಗಡಿಗೆ ಬಡಿಯುವ ಸದ್ದು ಶುರುವಾದಾಗ ಟ್ರ್ಯಾಕ್ ಬಿಟ್ಟಿದ್ದೇನೆ ಎಂದು ತಿಳಿಯಿತು. ಆಮೇಲೆ ಒಂದು ಹೊಡೆತ. ಎಡ ಹಿಂಬದಿ ಟೈರುಗಳ ಗೋಡೆಗೆ ಹೋಗಿ ಕೂತಿತು. ಹೆಲ್ಮೆಟ್ ಸೀಟಿಗೆ ಬಡಿಯಿತು.

ಧೂಳು ಇಳಿಯುವ ತನಕ ಏನೂ ಕಾಣಲಿಲ್ಲ. ಎಂಜಿನ್ ಬಂದ್ ಆಗಿತ್ತು. ಬಿಸಿ ರಬ್ಬರಿನ ವಾಸನೆ. ನನ್ನ ಎರಡೂ ಕೈ ಸ್ಟೇರಿಂಗ್ ಬಿಡುತ್ತಿರಲಿಲ್ಲ. ದೂರದಲ್ಲಿ ಹಳದಿ ಬಾವುಟ ಬೀಸುವುದು ಕಂಡಿತು. ಮಾರ್ಷಲ್ ಒಬ್ಬರು ಓಡಿ ಬಂದು ಬಾಗಿಲು ತೆಗೆದು, ತಮಿಳಿನಲ್ಲಿ ಏನೋ ಕೇಳಿ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆ ಮನುಷ್ಯನ ಕೈ ಇನ್ನೂ ನೆನಪಿದೆ.

ಸಾಯಂಕಾಲ ಗಾಡಿಗಳನ್ನು ನಿಲ್ಲಿಸುವ ಪ್ಯಾಡಕ್ಕಿನಲ್ಲಿ ಮುರಿದ ಗಾಡಿಯ ಪಕ್ಕ ಕೂತಿದ್ದೆ. ಆ ಇನ್ನೊಂದು ಪೋಲೋ ಓಡಿಸುವವರ ಕೋಚ್ ಬಂದರು. ಬೆಂಗಳೂರಿನವರು, ಹಿಂದೆ ರೇಸ್ ಮಾಡಿದವರು. ಮೊದಲು ಕುತ್ತಿಗೆ ಹೇಗಿದೆ ಎಂದು ಕೇಳಿದರು. ಆಮೇಲೆ ಒಂದೇ ಪ್ರಶ್ನೆ: “ತಿರುವಿನ ಮಧ್ಯದಲ್ಲಿ ಕಾಲು ಎತ್ತಿಬಿಟ್ರಾ?” ಅವರು ಅಪಘಾತ ನೋಡಿರಲೇ ಇಲ್ಲ. ಟೈರಿನ ಕಪ್ಪು ಗೆರೆ ನೋಡಿ ಬಂದಿದ್ದರು, ಅಷ್ಟೇ. ಒಂಬತ್ತು ಸೆಕೆಂಡಿನ ವ್ಯತ್ಯಾಸ ಟೈರಿನದಲ್ಲ ಎಂದು ಆಗ ನನಗೆ ಹೊಳೆಯಿತು.

ಕುತ್ತಿಗೆ ಹದಿನೈದು ದಿನ ತಿರುಗಲಿಲ್ಲ. ರಿಪೇರಿಗೆ 1,40,000 ರೂಪಾಯಿ. ವಿಮೆ ಮಾಡಿಸಿಕೊಟ್ಟವರು ನಮ್ಮ ಭಾವ. “ಎಲ್ಲಾ ಕವರ್ ಆಗ್ತದ” ಎಂದು ಭರವಸೆ ಕೊಟ್ಟಿದ್ದರು. ಸಂಘಟಿತ ರೇಸು, ವೇಗ ಪರೀಕ್ಷೆಗಳಿಗೆ ಗಾಡಿ ಬಳಸಿದರೆ ವಿಮೆ ಇಲ್ಲ ಎಂದು ಪಾಲಿಸಿಯಲ್ಲೇ ಅಚ್ಚಾಗಿರುತ್ತದೆ. ಅವರೂ ಓದಿರಲಿಲ್ಲ, ನಾನೂ ಓದಿರಲಿಲ್ಲ. “ಹೈವೇ ಮ್ಯಾಲ ಆಗ್ಯಾದ ಅಂತ ಬರದು ಕೊಡು” ಅಂದರು. ನಾನು ಒಪ್ಪಲಿಲ್ಲ. ಆ ಒಂದು ಮಾತಿಗೆ ಅಕ್ಕನ ಮನೆಯ ಹೋಗುಬರುವಿಕೆ ಎಂಟು ತಿಂಗಳು ನಿಂತಿತ್ತು. ಸುಳ್ಳು ಬರೆದುಕೊಡದೇ ಇದ್ದದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ.

ಗಾಡಿ ಸರಿಯಾದ ಮೇಲೆ ಅದೇ ಕೋಚ್ ಜೊತೆ, ಅದೇ ಟ್ರ್ಯಾಕಿಗೆ ಹೋದೆ. ಬೆಳಿಗ್ಗೆ ಗಾಡಿ ಮುಟ್ಟಲೂ ಬಿಡಲಿಲ್ಲ. ಟ್ರ್ಯಾಕನ್ನು ನಡೆದು ಸುತ್ತಿಸಿದರು. ಸಿ-1ರಲ್ಲಿ ನಿಲ್ಲಿಸಿ, ನಾನು ಕಾಲೆತ್ತಿದ ಜಾಗ ತೋರಿಸಿ ವಿವರಿಸಿದರು. ತಿರುವಿನ ನಡುವೆ ಎಕ್ಸಿಲೇಟರ್ ಬಿಟ್ಟರೆ ಗಾಡಿಯ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರು ನೆಲ ಕಚ್ಚುತ್ತದೆ, ಹಿಂದಿನ ಟೈರು ಹಗುರಾಗುತ್ತದೆ. ಹಗುರಾದ ಹಿಂಭಾಗ ಹೊರಕ್ಕೆ ಜಾರುತ್ತದೆ. ಭಾಲ್ಕಿ ಕಡೆ ಕಬ್ಬಿನ ಟ್ರೇಲರ್ ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನು ಅಡ್ಡ ಹಾಕುವುದನ್ನು ನೋಡಿದವನಿಗೆ ಇದು ತಿಳಿಯದೇ ಇರಬಾರದಿತ್ತು. “ಹೆದರೋದೆಲ್ಲಾ ತಿರುವಿಗೆ ಮೊದಲೇ ಮುಗಿಸಿಬಿಡಿ. ಒಳಗೆ ಹೋದಮೇಲೆ ಹೆದರೋಕೆ ಜಾಗ ಇಲ್ಲ” ಅಂದರು. ನೇರದಾರಿಯಲ್ಲೇ ಬ್ರೇಕ್ ಮುಗಿಸು, ಬೇಕಿದ್ದರೆ ಹತ್ತು ಕಿಲೋಮೀಟರ್ ಕಡಿಮೆ ವೇಗದಲ್ಲಿ ಒಳಗೆ ಹೋಗು, ಆದರೆ ಒಳಗೆ ಕಾಲು ಅಲುಗಿಸಬೇಡ ಎಂದು ಅದರ ಅರ್ಥ.

ಮೊದಲ ಎರಡು ಸುತ್ತು ಅವರು ನನ್ನ ಗಾಡಿ ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಆಮೇಲೆ ನನ್ನ ಸರದಿ. ಸ್ಪೀಡೋಮೀಟರಿಗೆ ಟೇಪ್ ಅಂಟಿಸಿದರು. ಹೆಲ್ಮೆಟ್ಟಿನೊಳಗಿನ ಇಂಟರ್‌ಕಾಮಿನಲ್ಲಿ ಅವರು ಹೆಚ್ಚು ಮಾತಾಡಲಿಲ್ಲ. “ಕಣ್ಣು.” “ಒತ್ತಿ.” “ಕಾಯಿರಿ.” ಕಣ್ಣು ಅಂದರೆ ಗಾಡಿ ಈಗ ಇರುವ ಜಾಗ ಬಿಟ್ಟು ಮುಂದೆ ಹೋಗಬೇಕಾದ ಜಾಗ ನೋಡು ಎಂದು. ಕಣ್ಣು ಎಲ್ಲಿಯೋ ಕೈ ಅಲ್ಲಿ. ನಾನು ಆ ದಿನ ಕೆಂಪು-ಬಿಳಿ ಪಟ್ಟಿ ನೋಡಿದ್ದೆ, ಗಾಡಿ ಅಲ್ಲಿಗೇ ಹೋಗಿತ್ತು.

ಸೆಷನ್ ಮುಗಿದ ಮೇಲೆ ಡೇಟಾ ಲಾಗರಿನ ಗೆರೆಗಳನ್ನು ಟ್ಯಾಬಿನಲ್ಲಿ ಒಂದರ ಮೇಲೊಂದು ಇಟ್ಟು ತೋರಿಸಿದರು. ಬ್ರೇಕ್ ಒತ್ತುವ ಕಡೆ ನನ್ನ ವೇಗದ ಗೆರೆ ಕೆರೆಯ ಏರಿಯ ಹಾಗೆ ಮೆಲ್ಲಗೆ ಇಳಿದಿತ್ತು. ಅವರದು ಬಾವಿಯ ಗೋಡೆಯ ಹಾಗೆ ನೇರ ಇಳಿದಿತ್ತು. ಅಂದರೆ ನಾನು ಹೆಚ್ಚು ಧೈರ್ಯವಂತ ಅಂದುಕೊಂಡಲ್ಲೆಲ್ಲ ಅವರಿಗಿಂತ ಮುಂಚೆಯೇ ಬ್ರೇಕ್ ಒತ್ತುತ್ತಿದ್ದೆ, ಅದೂ ಹಗುರಾಗಿ, ಅದೂ ತಿರುವಿನೊಳಗಿನ ತನಕ. ಎಕ್ಸಿಲೇಟರ್ ಗೆರೆ ಒಂದೇ ತಿರುವಿನಲ್ಲಿ ಐದು ಸಲ ಮೇಲೆ ಕೆಳಗೆ ನಡುಗಿತ್ತು. ಆ ನಡುಕ ನನ್ನ ಕಾಲಿನದು. ಓಡಿಸುವಾಗ ನನಗೆ ಅದರ ಅರಿವೇ ಇರಲಿಲ್ಲ. ಕೋಚ್ ಮಾಡುವ ಕೆಲಸ ಇದೇ. ನಾವು ಮಾಡಿದ್ದೇವೆ ಅಂದುಕೊಂಡದ್ದಕ್ಕೂ ನಿಜವಾಗಿ ಮಾಡಿದ್ದಕ್ಕೂ ಇರುವ ಅಂತರವನ್ನು ಅವರು ನಮ್ಮ ಕಣ್ಣೆದುರು ಇಡುತ್ತಾರೆ. ಆ ಅಂತರ ಒಬ್ಬನೇ ಓಡಿಸುವವನಿಗೆ ನೂರು ಟ್ರ್ಯಾಕ್ ಡೇ ಆದರೂ ಕಾಣುವುದಿಲ್ಲ. ಒಂದೇ ತಪ್ಪು ನೂರು ಸಲ ರೂಢಿಯಾಗುತ್ತದೆ.

ಸಂಜೆಗೆ 2 ನಿಮಿಷ 17. ಹಳೆಯ ಟೈರಿನಲ್ಲೇ. ನನಗೆ ಹೆಮ್ಮೆ ಅದಕ್ಕಲ್ಲ. ಕೊನೆಯ ಸೆಷನ್ನಿನಲ್ಲಿ ಸಿ-1 ಒಳಗೆ ಅದೇ ಹೆದರಿಕೆ ಬಂತು, ಅದೇ ಪಟ್ಟಿ ಕಂಡಿತು, ಕಾಲು ಏಳಲಿಲ್ಲ. ಅದಕ್ಕೆ ಹೆಮ್ಮೆ.

ಇನ್ನೂ ‘ರಕ್ತದಾಗ ಅದ’ ಅನ್ನುವವರಿಗೆ ಒಂದು ಮಾತು. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ. ಅವರ ತಂದೆ ಹೆಸರಾಂತ ರ‍್ಯಾಲಿ ಚಾಲಕ. ರಕ್ತದಲ್ಲಿ ಇದ್ದರೆ ಅವರಿಗೇ ಇರಬೇಕಿತ್ತು. ಆದರೂ ಹದಿಹರೆಯದಲ್ಲೇ ಫ್ರಾನ್ಸಿನ ವಿನ್‌ಫೀಲ್ಡ್ ರೇಸಿಂಗ್ ಶಾಲೆಗೆ ಹೋಗಿ ಕಲಿತರು.

ನಮ್ಮ ಹುಡುಗರಿಗೆ ನಾನು ಹೇಳುವುದು ಇಷ್ಟು:

ಬೀದರ–ಔರಾದ ರಸ್ತೆ ಟ್ರ್ಯಾಕ್ ಅಲ್ಲ. ಅಲ್ಲಿ ಎಮ್ಮೆ ಬರುತ್ತವೆ, ಶಾಲೆಯ ಮಕ್ಕಳು ಬರುತ್ತಾರೆ. ವೇಗ 100ರಿಂದ 140ಕ್ಕೆ ಹೋದರೆ ಬ್ರೇಕ್ ತಡೆಯಬೇಕಾದ ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಆಸೆ ತೀರಿಸಿಕೊಳ್ಳಲು ಟ್ರ್ಯಾಕಿಗೇ ಹೋಗಿ.

ಮೊದಲು ಕಾರ್ಟಿಂಗ್ ಮಾಡಿ. ಬೆಂಗಳೂರಿನಲ್ಲಿ ಮೆಕೊ ಕಾರ್ಟೋಪಿಯಾ ಇದೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿಲೋಮೀಟರಿನ ಸಣ್ಣ ಸರ್ಕ್ಯೂಟ್. ರೇಸಿಗೇ ಇಳಿಯುವುದಾದರೆ ದೇಶದ ಮೋಟಾರ್ ಕ್ರೀಡಾ ಒಕ್ಕೂಟ ಕೊಡುವ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು.

ಗಾಡಿಗೆ ಎರಡೇ ಖರ್ಚು ಮಾಡಿ: ಒಳ್ಳೆಯ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಆಯಿಲ್. ಹಳೆಯ ಆಯಿಲ್ ನೀರು ಹೀರಿಕೊಂಡಿರುತ್ತದೆ, ಕಾದಾಗ ಕುದಿಯುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಮಿಕ್ಕ ದುಡ್ಡು ಕೋಚ್‌ಗೆ.

ಕೋಚ್ ಹುಡುಕುವಾಗ ಅವರು ಗೆದ್ದ ಕಪ್ಪುಗಳನ್ನು ಎಣಿಸಬೇಡಿ. ಅವರ ಹತ್ತಿರ ಕಲಿತವರು ಎಷ್ಟು ಸುಧಾರಿಸಿದ್ದಾರೆ ಎಂದು ಕೇಳಿ. ಟ್ರ್ಯಾಕಿಗೆ ಹೋಗುವ ಮುಂಚೆ ವಿಮೆಯ ಪಾಲಿಸಿಯನ್ನೂ ಓದಿ.

ಕೊನೆಗೆ ಕಾಕಾಗೆ. ಬ್ರೇಕ್ ಫೇಲ್ ಆಗಿ ಗಾಡಿ ಹೋಯಿತು ಎಂದೇ ಅವರು ಈವರೆಗೆ ನಂಬಿದ್ದಾರೆ, ನಾನೂ ತಿದ್ದಲಿಲ್ಲ. ದಿನಾ ಬೆಳಿಗ್ಗೆ ಓದಲು ಕೂತರೆ ಒಂದು ಸಾಲೂ ಬಿಡದವರು, ಇದನ್ನೂ ಓದುತ್ತಾರೆ. ಕಾಕಾ, ಬ್ರೇಕ್ ಸರಿ ಇತ್ತು. ಕಾಲು ನಾನೇ ಎತ್ತಿದ್ದು. ನೀ ಕಲಿಸಿದ್ದು ಕೌಠಾ ರಸ್ತೆಗೆ ಸರಿಯೇ ಇತ್ತು, ಹದಿನೆಂಟು ವರ್ಷ ಎಷ್ಟೋ ಮಂದಿಯನ್ನು ಸುರಕ್ಷಿತ ಮನೆ ಮುಟ್ಟಿಸಿತು. ರಸ್ತೆಯ ಮೇಲೆ ನಾನು ಇವತ್ತಿಗೂ ಹಾಗೇ ಓಡಿಸುತ್ತೇನೆ. ಟ್ರ್ಯಾಕಿಗೆ ಬೇರೆ ಉಸ್ತಾದ್ ಬೇಕಿತ್ತು. ನಿನ್ನ ಹೊಗಳಿಕೆಯನ್ನೇ ವಿದ್ಯೆ ಅಂದುಕೊಂಡು ಆ ಉಸ್ತಾದನನ್ನು ಹುಡುಕದೆ ಹೋದದ್ದು ನನ್ನ ತಪ್ಪು.